ಬೀಗದ ಕೈ ಯಾರ ಹತ್ತಿರ?

(ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಮೂವತ್ತು ಹಾಸಿಗೆಯ ಮನೋರೋಗ ವಾರ್ಡ್ ಕಟ್ಟಬೇಕಾಗಿದೆ. ನಕಾಶೆ ಮಾಡಿದ ಎಂಜಿನಿಯರ್ ಮತ್ತು ಅಂಥ ವಾರ್ಡುಗಳಲ್ಲೇ ದುಡಿದು ನಿವೃತ್ತರಾದ ನರ್ಸ್ ನಡುವೆ ನಡೆದ ಮಾತುಕತೆ.)

ಎಂಜಿನಿಯರ್: ಸಿಸ್ಟರ್, ನಾನು ಶಾಲೆ ಕಟ್ಟಿಸಿದ್ದೇನೆ, ಹೆರಿಗೆ ವಾರ್ಡ್ ಕಟ್ಟಿಸಿದ್ದೇನೆ. ಇಂಥ ವಾರ್ಡ್ ಇದೇ ಮೊದಲು. ‘ಸುರಕ್ಷತೆಗೆ ವಿಶೇಷ ಗಮನ ಕೊಡಿ’ ಅಂತ ಮೇಲಿಂದ ಪತ್ರ ಬಂದಿದೆ. ಅದಕ್ಕೇ ಕಿಟಕಿಗೆ ಎರಡು ಸಾಲು ಕಂಬಿ, ಮುಂದೆ ಕಬ್ಬಿಣದ ಗೇಟು, ಮೂಲೆಮೂಲೆಗೂ ಕ್ಯಾಮೆರಾ ಹಾಕಿದ್ದೇನೆ. ಕಾರಿಡಾರಿನ ಕೊನೆಯಲ್ಲಿ ಒಂದು ಐಸೊಲೇಷನ್ ರೂಮೂ ಇದೆ.

ಸಿಸ್ಟರ್: ಐಸೊಲೇಷನ್ ಯಾರಿಗೆ? ಟಿಬಿ ಇದ್ದವರಿಗಾ?

ಎಂಜಿನಿಯರ್: ಅಲ್ಲ, ಗಲಾಟೆ ಮಾಡುವವರನ್ನು ಸ್ವಲ್ಪ ಹೊತ್ತು ಒಳಗೆ ಹಾಕೋದಕ್ಕೆ.

ಸಿಸ್ಟರ್: ಹಾಗಾದರೆ ಆ ಕೋಣೆಯನ್ನು ಇಲ್ಲೇ ಅಳಿಸಿಬಿಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಸೆಕ್ಷನ್ ಪ್ರಕಾರ ರೋಗಿಯನ್ನು ಒಂಟಿಯಾಗಿ ಕೂಡಿಹಾಕುವಂತಿಲ್ಲ. 95ನೇ ಸೆಕ್ಷನ್ ಪ್ರಕಾರ ಯಾವ ರೂಪದಲ್ಲೂ ಸರಪಳಿ ಹಾಕುವಂತಿಲ್ಲ. ಈ ಕಾಯ್ದೆ 2018ರಿಂದ ಜಾರಿಯಲ್ಲಿದೆ. ಸರ್ಕಾರದ ದುಡ್ಡಿನಲ್ಲಿ ಸರ್ಕಾರದ್ದೇ ಕಾಯ್ದೆ ಬೇಡ ಅಂದದ್ದನ್ನು ಕಟ್ಟಬೇಡಿ.

ಎಂಜಿನಿಯರ್: ಆದರೆ ಒಬ್ಬರು ನಿಜವಾಗಿಯೂ ಕೈ ಮೀರಿ ಹೋದರೆ? ಪಕ್ಕದ ಹಾಸಿಗೆಯವರಿಗೆ ಹೊಡೆದರೆ?

ಸಿಸ್ಟರ್: ಹಿಡಿಯಲೇಬೇಕಾದ ಹೊತ್ತು ಬರುತ್ತದೆ, ಇಲ್ಲ ಅನ್ನಲ್ಲ. ಕಾಯ್ದೆಯೂ ಅದನ್ನು ಒಪ್ಪಿದೆ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ ಹಿಡಿದಿಡಬಹುದು. ಅದಕ್ಕೆ ಜವಾಬ್ದಾರಿ ಹೊತ್ತ ಮನೋವೈದ್ಯರ ಒಪ್ಪಿಗೆ ಬೇಕು, ಎಷ್ಟು ಬೇಕೋ ಅಷ್ಟೇ ಹೊತ್ತು. ಯಾಕೆ, ಹೇಗೆ, ಎಷ್ಟು ಹೊತ್ತು ಅನ್ನೋದನ್ನು ಕೇಸ್ ಶೀಟಿನಲ್ಲಿ ಬರೆಯಬೇಕು. ರೋಗಿ ತನ್ನ ಪರವಾಗಿ ಹೆಸರಿಸಿದ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ತಿಂಗಳಿಗೊಮ್ಮೆ ಎಲ್ಲ ಪ್ರಕರಣಗಳ ವರದಿ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಹೋಗಬೇಕು. ಶಿಕ್ಷೆ ಅಂತ ಕಟ್ಟುವ ಹಾಗೇ ಇಲ್ಲ. ಕಟ್ಟಿದ ಮೇಲೆ ಪಕ್ಕದಲ್ಲಿ ಜನ ಇರಬೇಕು, ಯಾಕಂದರೆ ಕಟ್ಟುವುದೇ ಒಂದು ಅಪಾಯ. ಬೋರಲು ಕೆಡವಿ ಬೆನ್ನ ಮೇಲೆ ಭಾರ ಹಾಕಿದರೆ ಉಸಿರು ನಿಲ್ಲಬಹುದು. ತುಂಬಾ ಹೊತ್ತು ಕಟ್ಟಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಏರಬಹುದು. 1998ರಲ್ಲಿ ಅಮೆರಿಕದ ‘ಹಾರ್ಟ್‌ಫರ್ಡ್ ಕೊರಂಟ್’ ಪತ್ರಿಕೆ ಹುಡುಕಿ ತೆಗೆದಾಗ, ಹಿಂದಿನ ಹತ್ತು ವರ್ಷದಲ್ಲಿ ಕಟ್ಟಿದ ಅಥವಾ ಕೂಡಿಹಾಕಿದ ಸಂದರ್ಭಗಳಲ್ಲಿ ಸತ್ತವರು 142 ಜನ. ಕಟ್ಟುವುದೂ ಕೂಡಿಹಾಕುವುದೂ ನಡೆಯುವುದು ಸುರಕ್ಷತೆಯ ಹೆಸರಿನಲ್ಲೇ.

ಎಂಜಿನಿಯರ್: ಹಾಗಾದರೆ ಆ ಕೋಣೆ ಇರೋ ಜಾಗ ಏನು ಮಾಡಲಿ?

ಸಿಸ್ಟರ್: ಇರಲಿ, ಬಾಗಿಲು ತೆಗೆದಿಡಿ. ಬೆಳಕು ಮೆತ್ತಗಿರಲಿ, ಟಿವಿಯ ಸದ್ದು ಕೇಳದಿರಲಿ, ಇಬ್ಬರು ಕೂರುವ ಹಾಗೆ ಭಾರದ ಸೋಫಾ ಇಡಿ. ತಲೆಯೊಳಗೆ ಧ್ವನಿ ಕೇಳುವವರಿಗೆ ಮೂವತ್ತು ಜನರ ಗದ್ದಲವೇ ಹಿಂಸೆ. ರೋಗಿ ಅಲ್ಲಿಗೆ ತಾನಾಗಿ ಹೋಗಬೇಕು, ಬೇಕೆಂದಾಗ ಹೊರಗೆ ಬರಬೇಕು, ಜೊತೆಗೆ ಒಬ್ಬ ನರ್ಸ್ ಕೂರಬೇಕು.

ಎಂಜಿನಿಯರ್: ಬರೆದುಕೊಂಡೆ. ಇನ್ನು ಹೊಡೆದಾಟದ ವಿಷಯ.

ಸಿಸ್ಟರ್: ಎಲ್ಲರೂ ಮೊದಲು ಹೊಡೆದಾಟವನ್ನೇ ಕೇಳುತ್ತಾರೆ. ಮನೋರೋಗ ವಾರ್ಡ್ ಅಂದರೆ ಹೊಡೆಯುವವರ ಜಾಗ ಅನ್ನೋ ಭಯ ಊರಿಗೆಲ್ಲ ಇದೆ. ಮೊದಲು ಬಚ್ಚಲಿಗೆ ಬನ್ನಿ. ನಾನು ಕಂಡ ಗಾಯಗಳಲ್ಲಿ ಜಾರಿ ಬಿದ್ದದ್ದೇ ಹೆಚ್ಚು. ರಾತ್ರಿ ಎರಡು ಗಂಟೆ ಅಂತ ಇಟ್ಟುಕೊಳ್ಳಿ. ಅರವತ್ತು ದಾಟಿದ ತಾಯಿ, ಮಲಗುವ ಮುಂಚೆ ಮಾತ್ರೆ ತೆಗೆದುಕೊಂಡಿದ್ದಾರೆ. ಎಷ್ಟೋ ಮನೋರೋಗದ ಮಾತ್ರೆಗಳಿಗೆ ಒಂದು ಗುಣವಿದೆ, ಮಲಗಿದವರು ದಿಢೀರನೆ ಎದ್ದರೆ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. ಮಂಚ ಎತ್ತರ, ಕಾಲು ನೆಲಕ್ಕೆ ಸಿಗಲ್ಲ. ದೀಪದ ಸ್ವಿಚ್ಚು ಇನ್ನೊಂದು ಗೋಡೆಯಲ್ಲಿ. ಬಚ್ಚಲ ಹೊಸ್ತಿಲು ಎಡವುತ್ತದೆ, ಒಳಗೆ ಹೊಳೆಯೋ ಟೈಲ್ಸ್, ಅದರ ಮೇಲೆ ಯಾರೋ ಚೆಲ್ಲಿದ ನೀರು. ಸೊಂಟದ ಮೂಳೆ ಮುರಿದರೆ ಆ ಜೀವ ಮತ್ತೆ ನೆಟ್ಟಗೆ ಓಡಾಡುತ್ತದೆ ಅಂತ ಧೈರ್ಯವಾಗಿ ಹೇಳೋಕಾಗಲ್ಲ. ಇದು ಯಾವ ಕ್ಯಾಮೆರಾದಲ್ಲೂ ‘ಹಿಂಸೆ’ ಅಂತ ಕಾಣೋದಿಲ್ಲ.

ಎಂಜಿನಿಯರ್: ಹೊಸ್ತಿಲು ತೆಗೆಯುತ್ತೇನೆ. ಒರಟು ಟೈಲ್ಸ್, ನೆಲಮಟ್ಟದಲ್ಲಿ ರಾತ್ರಿಯಿಡೀ ಉರಿಯುವ ಸಣ್ಣ ದೀಪ, ಗೋಡೆಗೆ ಹಿಡಿಕಂಬಿ. ಇಷ್ಟು ಸಾಕಾ?

ಸಿಸ್ಟರ್: ಹಿಡಿಕಂಬಿಯಲ್ಲಿ ಒಂದು ಇಕ್ಕಟ್ಟಿದೆ. ಬೀಳುವವರಿಗೆ ಅದು ಆಸರೆ. ಬದುಕು ಬೇಡವೆನಿಸಿದವರ ಕಣ್ಣಿಗೆ ಅದೇ ಕಂಬಿ ಬೇರೆ ಥರ ಕಾಣುತ್ತದೆ. ಎರಡೂ ಥರದವರು ಅದೇ ವಾರ್ಡಿನಲ್ಲಿರುತ್ತಾರೆ, ಕೆಲವು ಸಲ ಇಬ್ಬರೂ ಒಬ್ಬರೇ ಆಗಿರುತ್ತಾರೆ. ಅದಕ್ಕೆ ಕಂಬಿಗೂ ಗೋಡೆಗೂ ನಡುವಿನ ಸಂದನ್ನು ಪೂರ್ತಿ ಮುಚ್ಚಿದ ಹಿಡಿಕೆಗಳು ಬರುತ್ತವೆ. ಕೈಗೆ ಹಿಡಿತ ಸಿಗಬೇಕು, ಏನನ್ನೂ ಸಿಕ್ಕಿಸಲು ಆಗಬಾರದು. ನಲ್ಲಿ, ಪೈಪು, ಬಟ್ಟೆ ಹಾಕುವ ಗೂಟ, ಬಾಗಿಲ ಹಿಡಿ, ಕಿಟಕಿಯ ಕೊಕ್ಕೆ ಎಲ್ಲವನ್ನೂ ಇದೇ ಕಣ್ಣಿನಿಂದ ನೋಡಿ. ನಿಮ್ಮ ಎರಡು ಸಾಲು ಕಂಬಿಯೂ ಇದರಲ್ಲಿ ಸೇರಿತು. ಅದರ ಬದಲು ಒಡೆಯದ ಗಾಜು, ಸ್ವಲ್ಪವೇ ತೆರೆಯುವ ಕಿಟಕಿ ಹಾಕಿ. ಇದಕ್ಕಿಂತ ಹೆಚ್ಚು ವಿವರ ನನ್ನ ಬಾಯಲ್ಲಿ ಹೇಳಿಸಬೇಡಿ. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ, ಭಾರ ಬಿದ್ದರೆ ತಾನೇ ಕಳಚಿಕೊಳ್ಳುವ ಪರದೆ ಸಲಾಕೆಯನ್ನು ಅಳವಡಿಸದೆ ಅನಾಹುತವಾದರೆ ಅದನ್ನು ‘ಎಂದೂ ಆಗಬಾರದ ಘಟನೆ’ಗಳ ಪಟ್ಟಿಗೆ ಸೇರಿಸುತ್ತಾರೆ. ಮನಸ್ಸು ಕುಸಿದ ಆ ಕೆಲವು ನಿಮಿಷ ಕೈಗೆ ಏನೂ ಸಿಗದಿದ್ದರೆ ಎಷ್ಟೋ ಜನ ಉಳಿಯುತ್ತಾರೆ.

ಎಂಜಿನಿಯರ್: ಬಚ್ಚಲಿಗೆ ಚಿಲಕವೇ ಬೇಡ ಅಂತ ನಮ್ಮವರು ಹೇಳಿದ್ದರು.

ಸಿಸ್ಟರ್: ಚಿಲಕವಿಲ್ಲದ ಬಚ್ಚಲಲ್ಲಿ ಹೆಣ್ಣುಮಕ್ಕಳು ಸ್ನಾನ ಮಾಡೋದು ಹೇಗೆ? ಹೆಂಗಸರ ವಾರ್ಡಿನಲ್ಲಿ ಸುರಕ್ಷತೆ ಅಂದರೆ ಮೊದಲು ಅದು. ಒಳಗಿನಿಂದ ಹಾಕಿಕೊಳ್ಳಲು ಬರಬೇಕು, ಹೊರಗಿನಿಂದ ನರ್ಸ್ ಕೀಲಿ ಹಾಕಿ ತೆಗೆಯಲು ಬರಬೇಕು. ಬಾಗಿಲು ಎರಡೂ ಕಡೆಗೆ ತೆರೆಯಬೇಕು. ಒಳಗಡೆಗೆ ಮಾತ್ರ ತೆರೆಯುವ ಬಾಗಿಲ ಹಿಂದೆ ರೋಗಿ ಬಿದ್ದಿದ್ದರೆ ನಾವು ಹೊರಗೆ ನಿಂತು ತಳ್ಳುತ್ತಾ ಇರಬೇಕಾಗುತ್ತದೆ. ಅಂಥ ಬಾಗಿಲನ್ನು ನಾನು ತಳ್ಳಿದ್ದೇನೆ. ಒಳಗಿದ್ದ ಹುಡುಗಿಗೆ ಫಿಟ್ಸ್ ಬಂದಿತ್ತು. ಬಡಗಿ ಬಂದು ತಿರುಗಣೆ ಬಿಚ್ಚುವವರೆಗೂ ಅವಳ ಕಾಲು ಬಾಗಿಲಿಗೆ ಒದೆಯುವ ಸದ್ದು ಕೇಳುತ್ತಲೇ ಇತ್ತು. ಬದುಕಿದಳು, ಹಣೆಗೆ ಹೊಲಿಗೆ ಬಿತ್ತು.

ಎಂಜಿನಿಯರ್: ಕ್ಯಾಮೆರಾ ಆದರೂ ಉಪಯೋಗಕ್ಕೆ ಬರುತ್ತದಲ್ವಾ? ಒಬ್ಬರು ಕೂತು ಎಲ್ಲ ನೋಡಬಹುದು.

ಸಿಸ್ಟರ್: ರಾತ್ರಿ ಪಾಳಿಯಲ್ಲಿ ಒಬ್ಬರೇ ಇದ್ದಾಗ ಪರದೆ ಮುಂದೆ ಕೂರೋದು ಯಾರು? ಬಹಳ ಕಡೆ ಕ್ಯಾಮೆರಾ ಕೆಲಸಕ್ಕೆ ಬರೋದು ಮಾರನೆ ದಿನ, ಏನಾಯಿತು ಅಂತ ನೋಡೋದಕ್ಕೆ. ಕಾರಿಡಾರಿಗೆ ಹಾಕಿ, ಬೇಡ ಅನ್ನಲ್ಲ. ಹಾಸಿಗೆ ಹತ್ತಿರ, ಬಚ್ಚಲ ಹತ್ತಿರ ಬೇಡ. ಅದಕ್ಕಿಂತ ನರ್ಸ್ ಕೂರುವ ಜಾಗವನ್ನು ಬದಲಾಯಿಸಿ. ನೀವು ಅದನ್ನು ಗೇಟಿನ ಪಕ್ಕ ಗಾಜಿನ ಗೂಡಿನಲ್ಲಿ ಇಟ್ಟಿದ್ದೀರಿ. ವಾರ್ಡಿನ ನಡುವೆ ತನ್ನಿ, ತೆರೆದ ಕಟ್ಟೆ ಇರಲಿ, ಕೂತಲ್ಲಿಂದ ಎಲ್ಲ ಹಾಸಿಗೆ ಕಾಣಲಿ. ಅಪಾಯವಿರುವ ರೋಗಿಯನ್ನು ಹದಿನೈದು ನಿಮಿಷಕ್ಕೊಮ್ಮೆ ನೋಡಿ ಅಂತ ಬರೆಯುತ್ತಾರೆ. ಗಡಿಯಾರ ನೋಡಿಕೊಂಡು ಹೋದರೆ ರೋಗಿಗೂ ಆ ಲೆಕ್ಕ ಗೊತ್ತಾಗಿಬಿಡುತ್ತದೆ. ಹೊತ್ತು ತಪ್ಪಿಸಿ ಹೋಗಬೇಕು, ಹೋದಾಗ ಒಂದು ಮಾತಾಡಿಸಬೇಕು. ಹೆಸರು ಹಿಡಿದು ಕರೆದು, ‘ನಿದ್ದೆ ಬರ್ತಿಲ್ವಾ?’ ಅಂತ ಕೇಳಿದರೆ ಬರುವ ಉತ್ತರದಲ್ಲಿ ಕ್ಯಾಮೆರಾಗೆ ಕಾಣದ್ದು ತಿಳಿಯುತ್ತದೆ.

ಎಂಜಿನಿಯರ್: ಸರಿ, ಈಗಲಾದರೂ ಹೊಡೆದಾಟಕ್ಕೆ ಬರೋಣ. ನಿಮಗೂ ಪೆಟ್ಟು ಬಿದ್ದಿರಬೇಕಲ್ಲ?

ಸಿಸ್ಟರ್: ಬಿದ್ದಿದೆ. ಒಬ್ಬರು ಮುಂಗೈ ಕಚ್ಚಿದ್ದರು, ಇನ್ನೊಬ್ಬರು ತಳ್ಳಿ ಭುಜದ ಕೀಲು ತಪ್ಪಿತ್ತು. ‘ಇದೆಲ್ಲ ಇಲ್ಲಿ ಇದ್ದದ್ದೇ’ ಅಂದರು, ಯಾರೂ ಬರೆದುಕೊಳ್ಳಲಿಲ್ಲ. ಅದು ಸರಿಯಲ್ಲ. ಸಿಬ್ಬಂದಿಯ ಗಾಯವನ್ನೂ ದಾಖಲಿಸಬೇಕು, ಆಮೇಲೆ ಕೂತು ಮಾತಾಡಬೇಕು. ಹೆದರಿದ ನರ್ಸ್ ಬೇಗ ಗದರುತ್ತಾಳೆ, ಬೇಗ ಕಟ್ಟಿಸುತ್ತಾಳೆ. ಆದರೆ ಹೊಡೆತಕ್ಕೆ ಮುಂಚೆ ಏನಾಗಿತ್ತು ಅನ್ನೋದನ್ನು ಹಿಂದಕ್ಕೆ ಹೋಗಿ ನೋಡಿ. ಒಂದು ವಾರ್ಡಿನಲ್ಲಿ ರೈತರೊಬ್ಬರು ಇದ್ದರು. ಸಂಜೆ ಮನೆಗೆ ಫೋನ್ ಮಾಡಬೇಕು ಅಂದರು, ಹಸು ಈಯುವ ದಿನ ಹತ್ತಿರವಿತ್ತು. ಸಿಬ್ಬಂದಿ ‘ಆಮೇಲೆ’ ಅಂದರು. ಮತ್ತೆ ಕೇಳಿದರು, ‘ಡಾಕ್ಟರ್ ಬರಲಿ’ ಅಂದರು. ಡಾಕ್ಟರ್ ಬಂದು ಹೋದರು. ಊಟದ ಸಾಲಿನಲ್ಲಿ ಮತ್ತೆ ಕೇಳಿದಾಗ ‘ಒಂದು ಸಲ ಹೇಳಿದರೆ ಗೊತ್ತಾಗಲ್ವಾ?’ ಅಂದುಬಿಟ್ಟರು. ರೈತರು ತಟ್ಟೆ ಎಸೆದು ಕಿಟಕಿ ಗಾಜಿಗೆ ಗುದ್ದಿದರು, ಕೈಯೆಲ್ಲ ಸೀಳಿತು. ಕೇಸ್ ಶೀಟಿನಲ್ಲಿ ಬರೆದದ್ದು ‘ಕಾರಣವಿಲ್ಲದೆ ಉದ್ರಿಕ್ತರಾದರು’ ಅಂತ. ಒಂದು ಫೋನ್ ಸಾಕಾಗಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಎಂಜಿನಿಯರ್: ಇದನ್ನು ಮೊದಲೇ ತಿಳಿಯೋಕೆ ದಾರಿ ಇದೆಯಾ?

ಸಿಸ್ಟರ್: ಇದೆ. ನಾರ್ವೆಯಲ್ಲಿ ಬ್ರೊಸೆಟ್ ಅನ್ನೋ ಒಂದು ಸಣ್ಣ ಪಟ್ಟಿ ಮಾಡಿದ್ದಾರೆ. ಗೊಂದಲ, ಸಿಡುಕು, ಗದ್ದಲ, ಬಾಯಲ್ಲಿ ಬೆದರಿಕೆ, ಮೈಯಲ್ಲಿ ಬೆದರಿಕೆ, ವಸ್ತುಗಳ ಮೇಲೆ ಕೋಪ, ಈ ಆರನ್ನೇ ನೋಡೋದು. ಪ್ರತಿ ಪಾಳಿಯಲ್ಲೂ ಇದೆಯೋ ಇಲ್ಲವೋ ಅಂತ ಗುರುತು ಹಾಕಿದರೆ ಮುಂದಿನ 24 ಗಂಟೆಯಲ್ಲಿ ಯಾರ ಹತ್ತಿರ ಹೆಚ್ಚು ಹೊತ್ತು ಕೂರಬೇಕು ಅಂತ ತಿಳಿಯುತ್ತದೆ. ಪಾಳಿ ಬದಲಾಗುವಾಗ ‘ಎಲ್ಲ ಚೆನ್ನಾಗಿದ್ದಾರೆ’ ಅಂತ ಒಂದೇ ಮಾತಲ್ಲಿ ಒಪ್ಪಿಸಿ ಹೋಗುವ ಬದಲು ಇದನ್ನು ಒಪ್ಪಿಸಬೇಕು. ಇನ್ನೊಂದು, ಲಂಡನ್ನಿನ ಲೆನ್ ಬವರ್ಸ್ ಅನ್ನೋ ಮನೋರೋಗ ಶುಶ್ರೂಷೆಯ ಪ್ರಾಧ್ಯಾಪಕರು ‘ಸೇಫ್‌ವಾರ್ಡ್ಸ್’ ಅನ್ನೋ ಪದ್ಧತಿ ರೂಪಿಸಿದರು. 15 ಆಸ್ಪತ್ರೆಗಳ 31 ವಾರ್ಡುಗಳಲ್ಲಿ ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಘರ್ಷಣೆ ಶೇ. 15ರಷ್ಟು ಇಳಿಯಿತು. ಹಿಡಿದಿಡುವುದು, ಬಲವಂತದ ಇಂಜೆಕ್ಷನ್ನು ಮೊದಲಾದ ನಿರ್ಬಂಧ ಕ್ರಮಗಳು ಶೇ. 26ರಷ್ಟು ಇಳಿದವು. ಅವರು ಮಾಡಿದ್ದೇನು ಅಂದರೆ, ಇಲ್ಲ ಅನ್ನಬೇಕಾದಾಗ ಹೇಗೆ ಹೇಳಬೇಕು ಅಂತ ಕಲಿಸಿದರು. ಮನೆಯಿಂದ ಕೆಟ್ಟ ಸುದ್ದಿ ಬಂದ ದಿನ ಆ ರೋಗಿಯ ಜೊತೆ ಕೂರಲು ಹೇಳಿದರು. ರೋಗಿಗಳೂ ಸಿಬ್ಬಂದಿಯೂ ದಿನಕ್ಕೊಮ್ಮೆ ಸೇರಿ ಒಬ್ಬರಿಗೊಬ್ಬರು ಏನು ಸಹಾಯ ಮಾಡಬಹುದು ಅಂತ ಮಾತಾಡಿಕೊಂಡರು. ವಾಸಿಯಾಗಿ ಹೋಗುವವರು ಹೊಸಬರಿಗೆ ಎರಡು ಸಾಲು ಬರೆದು ಬೋರ್ಡಿಗೆ ಅಂಟಿಸಿ ಹೋಗುತ್ತಿದ್ದರು. ಆ ಬೋರ್ಡಿಗೂ ನಿಮ್ಮ ನಕಾಶೆಯಲ್ಲಿ ಒಂದು ಗೋಡೆ ಬಿಡಿ.

ಎಂಜಿನಿಯರ್: ಕಟ್ಟೋದು ಬಿಟ್ಟರೆ ಪೆಟ್ಟು ತಿನ್ನೋದು ನಾವು ಅಂತ ನಿಮ್ಮ ಸಿಬ್ಬಂದಿ ಹೇಳಲ್ವಾ?

ಸಿಸ್ಟರ್: ಹೇಳುತ್ತಾರೆ, ಆ ಭಯಕ್ಕೆ ಉತ್ತರ ಕೊಡದೆ ಸುಮ್ಮನೆ ಆದೇಶ ಹೊರಡಿಸಿದರೆ ನಡೆಯಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಸರ್ಕಾರಿ ಮಾನಸಿಕ ಆಸ್ಪತ್ರೆಗಳ ಲೆಕ್ಕ ನೋಡಿ. 1990ರಿಂದ 2000ರ ಒಳಗೆ ಕೂಡಿಹಾಕುವುದನ್ನು ಸಾವಿರ ರೋಗಿ-ದಿನಗಳಿಗೆ 4.2 ಸಲದಿಂದ 0.3ಕ್ಕೆ ತಂದರು. ಸಾವಿರ ರೋಗಿ-ದಿನ ಅಂದರೆ ನೂರು ಜನ ಹತ್ತು ದಿನ ಇದ್ದ ಹಾಗೆ. ಕಟ್ಟುವುದು 3.5ರಿಂದ 1.2ಕ್ಕೆ ಇಳಿಯಿತು. ಸಿಬ್ಬಂದಿಗೆ ಆಗುವ ಗಾಯ ಗಮನಾರ್ಹವಾಗಿ ಏರಲಿಲ್ಲ. ಆದರೆ ಅವರು ಅದನ್ನು ಬರೀ ಒಳ್ಳೆಯ ಮನಸ್ಸಿನಿಂದ ಮಾಡಲಿಲ್ಲ. ತರಬೇತಿ ಕೊಟ್ಟರು, ತುರ್ತಿಗೆ ಕೂಡಲೇ ಬರುವ ತಂಡ ಕಟ್ಟಿದರು, ಪ್ರತಿ ಪ್ರಕರಣವನ್ನೂ ಎಣಿಸಿ ಎಲ್ಲರಿಗೂ ಕಾಣುವ ಹಾಗೆ ಇಟ್ಟರು. ನಮ್ಮಲ್ಲಿ ಮಂಡಳಿಗೆ ಹೋಗುವ ತಿಂಗಳ ವರದಿ ಆ ಕೆಲಸ ಮಾಡಬಲ್ಲದು, ನಿಜ ಬರೆದರೆ.

ಎಂಜಿನಿಯರ್: ಕಟ್ಟಡದಿಂದ ಇದಕ್ಕೆ ಏನಾದರೂ ಆಗುತ್ತದಾ? ನಾನು ಗೋಡೆ ಕಟ್ಟುವವನು.

ಸಿಸ್ಟರ್: ಆಗುತ್ತದೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಹಳೆಯ ಮನೋರೋಗ ಆಸ್ಪತ್ರೆಯ ಬದಲು ಹೊಸದು ಕಟ್ಟಿದರು. ಒಬ್ಬೊಬ್ಬರಿಗೂ ಬೇರೆ ಕೋಣೆ, ಬೇರೆ ಬಚ್ಚಲು, ತೋಟ, ಹಗಲ ಬೆಳಕು, ಸದ್ದು ಹೀರುವ ಛಾವಣಿ, ಬೇಕಾದ ಕಡೆ ಎಳೆದುಕೊಂಡು ಕೂರುವ ಕುರ್ಚಿ. ರೋಜರ್ ಉಲ್ರಿಚ್ ಮತ್ತು ಜೊತೆಗಾರರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಳೆಯದಕ್ಕೆ ಹೋಲಿಸಿದರೆ ಅಲ್ಲಿ ರೋಗಿಗಳನ್ನು ಕಟ್ಟುವ ಪ್ರಸಂಗ ಸರಾಸರಿ ಅರ್ಧಕ್ಕೆ ಇಳಿದಿತ್ತು. ನಮಗೆ ಒಬ್ಬೊಬ್ಬರಿಗೆ ಕೋಣೆ ಕೊಡುವಷ್ಟು ದುಡ್ಡಿಲ್ಲ, ಒಪ್ಪಿದೆ. ಹಾಸಿಗೆಗಳ ನಡುವೆ ಅಂತರ ಕೊಡಿ. ಕಬ್ಬಿಣದ ಗೇಟು ಬಡಿಯುವ ಸದ್ದು ತಪ್ಪಿಸಿ. ಹಿಂದೆ ಬೇವಿನ ಮರವಿರುವ ಆ ಖಾಲಿ ಜಾಗವನ್ನು ಪಾರ್ಕಿಂಗಿಗೆ ಕೊಡಬೇಡಿ, ರೋಗಿಗಳು ಸಂಜೆ ನಡೆದಾಡಲಿ.

ಎಂಜಿನಿಯರ್: ಅಲ್ಲಿ ಬೈಕ್ ಸ್ಟ್ಯಾಂಡ್ ಮಾಡಿದ್ದೆ. ಬದಲಾಯಿಸುತ್ತೇನೆ.

ಸಿಸ್ಟರ್: ಜೊತೆಗೆ ಇರುವವರ ಹಾಸಿಗೆ ಎಲ್ಲಿ?

ಎಂಜಿನಿಯರ್: ಅಂದರೆ ಅಟೆಂಡರ್‌ಗಳದ್ದಾ? ಅದಕ್ಕೆ ಜಾಗ ತೋರಿಸಿಲ್ಲ.

ಸಿಸ್ಟರ್: ತೋರಿಸದಿದ್ದರೂ ಅವರು ಇರುತ್ತಾರೆ. ಎರಡು ಮಂಚಗಳ ನಡುವೆ ಚಾಪೆ ಹಾಸಿ ಮಲಗುತ್ತಾರೆ. ರಾತ್ರಿ ರೋಗಿ ಎದ್ದರೆ ಅವರನ್ನೇ ತುಳಿದು ಬೀಳುತ್ತಾರೆ, ನಾವೂ ಎಡವುತ್ತೇವೆ. ಅಮೃತಸರದಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲೇ ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ, ಮನೆಯವರನ್ನು ರೋಗಿಯ ಜೊತೆಗೇ ಇರಿಸಿಕೊಂಡಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ವಾರ್ಡುಗಳ ಪದ್ಧತಿ ಹಳೆಯದು. ತಾಯಿಯೋ ಅಣ್ಣನೋ ಪಕ್ಕದಲ್ಲಿದ್ದರೆ ರೋಗಿಯ ಅರ್ಧ ಭಯ ಹೋಗುತ್ತದೆ, ಇದು ನಮ್ಮ ದೇಶದ ವಾರ್ಡುಗಳಿಗೆ ಇರುವ ಬಲ. ಆದರೆ ಆ ತಾಯಿಯನ್ನು ಕಾವಲಿಗೆ ಇಟ್ಟುಕೊಳ್ಳಬಾರದು. ನಿದ್ದೆಗೆಟ್ಟ ಹೆಂಗಸು ಮಗನನ್ನು ಹಿಡಿಯಲು ಹೋಗಿ ಪೆಟ್ಟು ತಿಂದದ್ದನ್ನು ನೋಡಿದ್ದೇನೆ. ಮಂಚದ ಪಕ್ಕಕ್ಕೆ ಮಡಚುವ ಹಾಸಿಗೆಗೆ ಜಾಗ ಕೊಡಿ, ಅವರಿಗೊಂದು ಬೇರೆ ಬಚ್ಚಲು ಕೊಡಿ. ಇನ್ನೊಂದು, ಊಟದ ಕೋಣೆಯಲ್ಲಿ ನರ್ಸ್ ಒಬ್ಬರು ನಿಲ್ಲಲಿ. ಕೆಲವು ಔಷಧಿಗಳಿಂದ ನುಂಗುವ ಶಕ್ತಿ ಕುಗ್ಗುತ್ತದೆ, ಆತುರದಲ್ಲಿ ತಿಂದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಎಂಜಿನಿಯರ್: ಗೇಟಿನ ವಿಷಯ ಉಳಿಯಿತು. ರಾತ್ರಿ ಬೀಗ ಹಾಕದಿದ್ದರೆ ಯಾರಾದರೂ ಹೊರಟು ಹೋಗಲ್ವಾ? ಎದುರಿಗೇ ಹೆದ್ದಾರಿ.

ಸಿಸ್ಟರ್: ಬೀಗ ಬೇಡ ಅನ್ನುವ ಧೈರ್ಯ ನನಗೂ ಇಲ್ಲ, ಹೆದ್ದಾರಿ ಎದುರಿಗಿದ್ದರೆ. ಆದರೆ ಏರ್ವಾಡಿ ನೆನಪಿದೆಯಾ? ತಮಿಳುನಾಡಿನ ರಾಮನಾಥಪುರ ಜಿಲ್ಲೆ. 2001ರ ಆಗಸ್ಟ್ 6ರ ಬೆಳಗಿನ ಜಾವ ದರ್ಗಾದ ಹತ್ತಿರದ ಖಾಸಗಿ ಮನೋರೋಗಿಗಳ ಆಶ್ರಯದ ಗುಡಿಸಲಿಗೆ ಬೆಂಕಿ ಬಿತ್ತು. ಒಳಗಿದ್ದವರನ್ನು ಸರಪಳಿಯಲ್ಲಿ ಬಿಗಿದಿದ್ದರು. 28 ಜನ ಸತ್ತರು. ಓಡಿಹೋಗದಿರಲಿ, ಯಾರಿಗೂ ತೊಂದರೆ ಮಾಡದಿರಲಿ ಅಂತ ಹಾಕಿದ ಸರಪಳಿಗಳು ಅವು. ಸುಪ್ರೀಂ ಕೋರ್ಟ್ ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. ಆದ್ದರಿಂದ ಬೀಗ ಹಾಕಿದ ವಾರ್ಡಿಗೆ ಹೋದಾಗೆಲ್ಲ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ, ಬೀಗದ ಕೈ ಯಾರ ಹತ್ತಿರ? ಒಂದು ಕಡೆ ಅದು ಕೆಳಮಹಡಿಯ ಸೆಕ್ಯುರಿಟಿಯವರ ಹತ್ತಿರ ಇತ್ತು, ಇನ್ನೊಂದು ಕಡೆ ಅಲಮಾರಿಯಲ್ಲಿ, ಆ ಅಲಮಾರಿಗೂ ಬೀಗ! ಡ್ಯೂಟಿಯಲ್ಲಿರುವ ಪ್ರತಿಯೊಬ್ಬರ ಸೊಂಟದಲ್ಲೂ ಒಂದೊಂದು ಕೈ ಇರಬೇಕು. ಎಲ್ಲ ಬಾಗಿಲಿಗೂ ಒಂದೇ ಕೀಲಿ ಹೊಂದಬೇಕು, ಕತ್ತಲಲ್ಲಿ ಗೊಂಚಲು ತಡಕುವ ಹಾಗಿರಬಾರದು. ಎರಡನೇ ದಾರಿ ಬೇಕೇ ಬೇಕು, ಅದರ ಮುಂದೆ ಮುರಿದ ಮಂಚ ಪೇರಿಸಬಾರದು. ಬೆಂಕಿಯ ಕವಾಯತನ್ನು ರಾತ್ರಿ ಪಾಳಿಯವರಿಂದ ಮಾಡಿಸಿ. ಹಗಲು ಹೇಗೂ ಜನ ಇರುತ್ತಾರೆ.

ಎಂಜಿನಿಯರ್: ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಇನ್ನೂ ಹಳೆಯ ಥರವೇ ಕಟ್ಟುತ್ತೇವೆ?

ಸಿಸ್ಟರ್: ಅನೇಕ ಹಳೆಯ ಆಸ್ಪತ್ರೆಗಳು ಜೈಲಿನ ಮಾದರಿಯಲ್ಲೇ ಹುಟ್ಟಿದವು. ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿದ್ದ ಕಾಲದಲ್ಲಿ ನಿಮ್ಹಾನ್ಸ್ ತಜ್ಞರು ದೇಶದ ಮಾನಸಿಕ ಆಸ್ಪತ್ರೆಗಳನ್ನು ಸುತ್ತಿ ನೋಡಿದರು. 1999ರಲ್ಲಿ ವರದಿ ಬಂತು, ಎತ್ತರದ ಗೋಡೆ, ಕತ್ತಲ ಕೋಣೆಗಳ ಸ್ಥಿತಿಯನ್ನು ಬಿಚ್ಚಿಟ್ಟಿತು. ಆಮೇಲೆ ಬಹಳ ಬದಲಾಗಿದೆ, ನಿಜ. ಆದರೂ ನಕಾಶೆ ಮಾಡುವಾಗ ರೋಗಿಯನ್ನು ಕೇಳುವ ಅಭ್ಯಾಸ ಇನ್ನೂ ಬಂದಿಲ್ಲ. ಆ ವಾರ್ಡಿನಲ್ಲಿದ್ದು ವಾಸಿಯಾಗಿ ಹೋದ ಇಬ್ಬರನ್ನು, ರಾತ್ರಿ ಪಾಳಿಯ ನರ್ಸನ್ನು, ನೆಲ ಒರೆಸುವ ಆಯಾಳನ್ನು ಕೂರಿಸಿಕೊಂಡು ನಕಾಶೆ ತೋರಿಸಿ. ನೀರು ಎಲ್ಲಿ ನಿಲ್ಲುತ್ತದೆ ಅಂತ ಆಯಾ ಹೇಳುತ್ತಾಳೆ.

ಎಂಜಿನಿಯರ್: ಖಂಡಿತ. ಟೆಂಡರಿಗೆ ಹೋಗುವ ಮುಂಚೆ ಇನ್ನೇನಾದರೂ ಉಳಿಯಿತಾ?

ಸಿಸ್ಟರ್: ಬಿಡುಗಡೆ ಮಾಡುವ ಕೌಂಟರಿನ ಮೇಲೆ 14416 ಅಂತ ದೊಡ್ಡದಾಗಿ ಬರೆಸಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಉಚಿತ ನಂಬರು. ವಾರ್ಡಿನಿಂದ ಮನೆಗೆ ಹೋದ ಮೊದಲ ಒಂದೆರಡು ವಾರವೇ ಜೀವಕ್ಕೆ ಹೆಚ್ಚು ಅಪಾಯದ ಕಾಲ, ಮನೆಯವರಿಗೆ ಅದು ಗೊತ್ತಿರೋದಿಲ್ಲ. ಇನ್ನೊಂದು, ನಿಮ್ಮ ಕಡತದಲ್ಲಿ ಒಂದು ಷರಾ ಬರೆಯಿರಿ. ಮೂವತ್ತು ಹಾಸಿಗೆಗೆ ರಾತ್ರಿ ಒಬ್ಬರೇ ನರ್ಸ್ ಇದ್ದರೆ ಈ ಟೈಲ್ಸು, ಬಾಗಿಲು, ಹಿಡಿಕೆ ಯಾವುದೂ ಸಾಲದು ಅಂತ ಬರೆಯಿರಿ. ಅದು ನಿಮ್ಮ ಇಲಾಖೆಯ ಕೆಲಸವಲ್ಲ ಅಂತಾರೆ, ಅನ್ನಲಿ. ಸಿಬ್ಬಂದಿ ಕಡಿಮೆ ಅನ್ನುವ ಕಾರಣಕ್ಕೆ ರೋಗಿಯನ್ನು ಕಟ್ಟುವಂತಿಲ್ಲ ಅಂತ ಅದೇ 97ನೇ ಸೆಕ್ಷನ್ ಹೇಳುತ್ತದೆ. ಹುದ್ದೆ ಮಂಜೂರಾಗುವವರೆಗೆ ಈ ವಾರ್ಡಿನ ಉದ್ಘಾಟನೆಗೆ ದಿನ ಗೊತ್ತು ಮಾಡಬೇಡಿ ಅಂತ ಆರೋಗ್ಯ ಇಲಾಖೆಗೆ ತಿಳಿಸಿ.